ಎಪ್ಪತ್ತರ ದಶಕದ ಪಾಪ್ ಹಾಡೊಂದನ್ನು ಪದರಪದರವಾಗಿ ಕೇಳಿ, ಅದರ ಹಿಂದಿನ ಹೆಸರುಗಳನ್ನು ಬರೆದಿಡುವ ಬಗೆ

ಕೋಲಾರದಿಂದ ಬಂಗಾರಪೇಟೆ ದಾಟಿ ಕೆಜಿಎಫ್‌ಗೆ ಹೋದರೆ, ರಾಬರ್ಟ್‌ಸನ್‌ಪೇಟೆಯ ಹಳೆಯ ಮನೆಗಳಲ್ಲಿ ಏಳು ಇಂಚಿನ ಇಂಗ್ಲಿಷ್ ರೆಕಾರ್ಡುಗಳು ಇಂದಿಗೂ ಸಿಗುವುದುಂಟು. ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿ ನೆಲೆಸಿದ್ದ ಆಂಗ್ಲೋ-ಇಂಡಿಯನ್ ಕುಟುಂಬಗಳಲ್ಲಿ ಪಾಶ್ಚಾತ್ಯ ಸಂಗೀತ ದಿನನಿತ್ಯದ ಬಳಕೆಯಲ್ಲಿತ್ತು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಮನೆಗಳು ಒಂದೊಂದಾಗಿ ಖಾಲಿಯಾದವು, ಅವುಗಳೊಂದಿಗೆ ರೆಕಾರ್ಡುಗಳೂ ಕೈ ಬದಲಾಯಿಸಿದವು. ಹಾಗೆ ನಮ್ಮ ಮನೆಗೆ ಬಂದ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಸ್ವೀಡನ್ನಿನ ಅಬ್ಬಾ ತಂಡದ ‘ಡ್ಯಾನ್ಸಿಂಗ್ ಕ್ವೀನ್’ ಹಾಡಿನ ರೆಕಾರ್ಡು ಇತ್ತು. ಕೋಲಾರದ ನಮ್ಮ ಮನೆಯಲ್ಲಿ ತಿಂಗಳಿಗೊಮ್ಮೆ ಸೇರುವ ನಾಲ್ಕಾರು ಮಂದಿ ಕೇಳುಗರು, ಅಲ್ಲಿಯವರೆಗೆ ಕನ್ನಡ ಚಿತ್ರಗೀತೆಗಳಿಗೆ ಮಾತ್ರ ಟಿಪ್ಪಣಿ ಬರೆಯುತ್ತಿದ್ದವರು, ಈ ಹಾಡಿಗೂ ಒಂದು ಟಿಪ್ಪಣಿ ಸಿದ್ಧಪಡಿಸಬೇಕೆಂದು ಹೊರಟಾಗ ಎದುರಾದ ಪ್ರಶ್ನೆಗಳಿಂದಲೇ ಈ ಕ್ರಮ ರೂಪುಗೊಂಡಿತು. ಅದನ್ನು ಇಲ್ಲಿ ಆ ಹಾಡನ್ನೇ ಉದಾಹರಣೆಯಾಗಿ ಇಟ್ಟುಕೊಂಡು ವಿವರಿಸುತ್ತೇನೆ.

ಹಾಡಿನ ಸಂಗೀತಗುಣವನ್ನು ಬಣ್ಣಿಸುವುದು ಒಂದು ಕೆಲಸ, ಅದರ ಕರ್ತೃಗಳ ಪಟ್ಟಿಯನ್ನು ಬರೆಯುವುದು ಇನ್ನೊಂದು ಕೆಲಸ ಎಂದು ಹಲವರು ಭಾವಿಸುತ್ತಾರೆ. ನಾನು ಹಾಗೆ ಭಾವಿಸುವುದಿಲ್ಲ. ಕಿವಿಗೆ ಬಿದ್ದ ಒಂದೊಂದು ಗುಣವನ್ನೂ ಅದನ್ನು ಉಂಟುಮಾಡಿದ ಒಬ್ಬ ಮನುಷ್ಯನ ಹೆಸರಿನೊಂದಿಗೆ ಜೋಡಿಸಿದಾಗಲೇ ಟಿಪ್ಪಣಿ ಪೂರ್ಣವಾಗುತ್ತದೆ. ಹೆಸರು ಸಿಗದಿದ್ದ ಕಡೆ ಆ ಜಾಗವನ್ನು ಖಾಲಿ ಬಿಡಬೇಕೇ ಹೊರತು ಊಹೆಯಿಂದ ತುಂಬಬಾರದು. ಕೆಳಗೆ ಹೇಳುವುದೆಲ್ಲವೂ ಈ ಒಂದು ನಿಯಮದ ವಿಸ್ತರಣೆಯೇ ಆಗಿದೆ.

ಮೊದಲು ವೇಗ ಮತ್ತು ಶ್ರುತಿ

ರೆಕಾರ್ಡಿನಿಂದ ಕೇಳುವುದಾದರೆ ಮೊಟ್ಟಮೊದಲಿಗೆ ಯಂತ್ರದ ವೇಗವನ್ನು ಪರೀಕ್ಷಿಸಬೇಕು. ಹಳೆಯ ಯಂತ್ರಗಳಲ್ಲಿ ರಬ್ಬರ್ ಬೆಲ್ಟು ಸಡಿಲಗೊಂಡಿರುತ್ತದೆ, ಮೋಟಾರು ದಣಿದಿರುತ್ತದೆ. ಹಾಡು ತುಸು ನಿಧಾನವಾಗಿ ಓಡುತ್ತಿದ್ದರೂ ಕಿವಿ ಅದಕ್ಕೆ ಬೇಗನೆ ಒಗ್ಗಿಹೋಗುವುದರಿಂದ ನಮಗೆ ತಿಳಿಯುವುದೇ ಇಲ್ಲ. ರೆಕಾರ್ಡಿನ ಅಂಚಿನಲ್ಲಿ ಒಂದು ಸಣ್ಣ ಕಾಗದದ ಚೂರನ್ನು ಗುರುತಾಗಿ ಇಟ್ಟು, ಗಡಿಯಾರ ನೋಡುತ್ತ ಸುತ್ತುಗಳನ್ನು ಎಣಿಸಿದರೆ ಸಾಕು. ಏಳು ಇಂಚಿನ 45ರ ರೆಕಾರ್ಡು ಒಂದು ನಿಮಿಷಕ್ಕೆ 45 ಸುತ್ತು ಸುತ್ತಬೇಕು. ದೊಡ್ಡ ಎಲ್‌ಪಿ ರೆಕಾರ್ಡು ಮೂರು ನಿಮಿಷಕ್ಕೆ ಸರಿಯಾಗಿ 100 ಸುತ್ತು ಸುತ್ತಬೇಕು. ವೇಗದಲ್ಲಿ ನೂರಕ್ಕೆ ಆರರಷ್ಟು ವ್ಯತ್ಯಾಸವಾದರೆ ಶ್ರುತಿ ಅರ್ಧ ಮನೆಯಷ್ಟು ಮೇಲೋ ಕೆಳಗೋ ಸರಿದುಬಿಡುತ್ತದೆ. ಆ ಸ್ಥಿತಿಯಲ್ಲಿ ಶ್ರುತಿಯ ಬಗ್ಗೆ ಬರೆದ ಮಾತು ಹಾಡಿನ ಕುರಿತಾಗಿರದೆ ನಮ್ಮ ಯಂತ್ರದ ಕುರಿತಾಗಿರುತ್ತದೆ.

ಮೊಬೈಲಿನಲ್ಲಿ ಕೇಳುವವರಿಗೆ ಈ ತೊಂದರೆಯಿಲ್ಲ. ಆದರೆ ಒಂದೇ ಹಾಡಿಗೆ ಹಲವು ರೂಪಗಳು ಅಲ್ಲಿ ದೊರೆಯುತ್ತವೆ, ನಂತರದ ಕಾಲದಲ್ಲಿ ಧ್ವನಿಯನ್ನು ಹೊಸದಾಗಿ ಹದಗೊಳಿಸಿದ ಪ್ರತಿಗಳೂ ಅವುಗಳಲ್ಲಿ ಇರುತ್ತವೆ. ಯಾವ ಪ್ರತಿಯನ್ನು ಕೇಳಿದಿರಿ ಎಂಬುದನ್ನು ಟಿಪ್ಪಣಿಯ ಮೊದಲ ಸಾಲಿನಲ್ಲೇ ಬರೆಯಿರಿ. ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಮಾತ್ರ ಕೇಳಿ ಟಿಪ್ಪಣಿ ಬರೆಯಬೇಡಿ ಎಂದು ಒತ್ತಿ ಹೇಳುತ್ತೇನೆ. ಬೇಸ್ ಗಿಟಾರಿನ ಅತ್ಯಂತ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ, ಅಷ್ಟು ಮಂದ್ರದ ನಾದವನ್ನು ಹೊರಡಿಸುವ ಶಕ್ತಿ ಆ ಸ್ಪೀಕರಿಗೆ ಇರುವುದಿಲ್ಲ. ಸಾಧಾರಣ ಹೆಡ್‌ಫೋನ್ ಒಂದಿದ್ದರೆ ಸಾಕು.

ವೇಗ ಸರಿಯಾದ ಮೇಲೆ ಶ್ರುತಿಯನ್ನು ಹಿಡಿಯಬೇಕು. ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಅದೇ ಉತ್ತಮ ಸಾಧನ. ಹಾಡಿನ ಒಂದು ಸಾಲು ಮುಗಿದು ಮನಸ್ಸಿಗೆ ನೆಲೆ ಸಿಕ್ಕಂತೆ ಅನಿಸುವ ಸ್ವರವನ್ನು ಬಾಯಲ್ಲಿ ಗುನುಗುತ್ತ ಅದೇ ಸ್ವರದ ಮನೆಯನ್ನು ಹುಡುಕಿ. ‘ಡ್ಯಾನ್ಸಿಂಗ್ ಕ್ವೀನ್’ ಹಾಡಿನಲ್ಲಿ ಅದು ಪಾಶ್ಚಾತ್ಯರು ‘ಎ’ ಎಂದು ಕರೆಯುವ ಸ್ವರ. ನಮ್ಮ ಲೆಕ್ಕದಲ್ಲಿ ಬಿಳಿ ಆರು, ಅಂದರೆ ಆರು ಮನೆ ಶ್ರುತಿ. ಅದನ್ನು ಷಡ್ಜವೆಂದು ಇಟ್ಟುಕೊಂಡರೆ ಹಾಡಿನ ಮೂಲ ಸ್ವರಗಳು ನಮ್ಮ ಶಂಕರಾಭರಣದ ಸ್ವರಸ್ಥಾನಗಳೊಂದಿಗೆ ಹೊಂದುತ್ತವೆ. ಹಾಗೆಂದ ಮಾತ್ರಕ್ಕೆ ಈ ಹಾಡು ಶಂಕರಾಭರಣ ರಾಗದಲ್ಲಿದೆ ಎಂದು ಬರೆಯಬಾರದು. ರಾಗಕ್ಕೆ ಬೇಕಾದ ಗಮಕ, ಸಂಚಾರ, ಸ್ವರಗಳ ಒಲವು ಇಲ್ಲಿ ಇಲ್ಲ. ಇರುವುದು ಸ್ವರಸ್ಥಾನಗಳ ಹೊಂದಾಣಿಕೆ ಮಾತ್ರ. ಪಾಶ್ಚಾತ್ಯ ಹಾಡುಗಳಿಗೆಲ್ಲ ರಾಗದ ಹೆಸರು ಅಂಟಿಸುವ ಅಭ್ಯಾಸ ನಮ್ಮಲ್ಲಿ ಬಲವಾಗಿರುವುದರಿಂದ ಇದನ್ನು ಇಲ್ಲಿಯೇ ಹೇಳಬೇಕಾಯಿತು.

ಲಯಕ್ಕೆ ಗಡಿಯಾರವೇ ಸಾಕು. ಕಾಲಿನಿಂದ ತಾಳ ಹಾಕುತ್ತ 15 ಸೆಕೆಂಡುಗಳಲ್ಲಿ ಎಷ್ಟು ಪೆಟ್ಟು ಬಿದ್ದವೆಂದು ಎಣಿಸಿ ನಾಲ್ಕರಿಂದ ಗುಣಿಸಿ. ಈ ಹಾಡಿನಲ್ಲಿ ಸುಮಾರು 25 ಪೆಟ್ಟು ಬೀಳುತ್ತವೆ, ಅಂದರೆ ನಿಮಿಷಕ್ಕೆ ಸುಮಾರು 100. ನಾಲ್ಕು ನಾಲ್ಕು ಪೆಟ್ಟುಗಳ ಗುಂಪಾಗಿ ಸಾಗುವ ಚತುರಶ್ರ ನಡೆ ಇದು. ಎರಡು ಗುಂಪು ಸೇರಿದರೆ ಆದಿತಾಳದ ಎಂಟು ಅಕ್ಷರಗಳಷ್ಟಾಗುತ್ತದೆ. ಆದರೆ ಒತ್ತು ಬೀಳುವ ಜಾಗ ಬೇರೆ. ಆದಿತಾಳದಲ್ಲಿ ನಮ್ಮ ಕೈ ಮೊದಲ ಅಕ್ಷರಕ್ಕೆ ಬಲವಾಗಿ ಬೀಳುತ್ತದೆ. ಈ ಬಗೆಯ ಹಾಡುಗಳಲ್ಲಿ ಡ್ರಮ್ಮಿನ ಚುರುಕಾದ ಪೆಟ್ಟು ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಬೀಳುತ್ತದೆ. ನಮ್ಮ ಕೂಟಕ್ಕೆ ಬರುವ, ಜಾತ್ರೆಗಳಲ್ಲಿ ತಮಟೆ ಬಾರಿಸಿದ ಅನುಭವವುಳ್ಳ ಹಿರಿಯರೊಬ್ಬರು ಇದನ್ನು ಮೊದಲ ಕೇಳ್ಮೆಯಲ್ಲೇ ಗುರುತಿಸಿ, ಎಡಗೈ ಕಡ್ಡಿ ಮತ್ತು ಬಲಗೈ ಕೋಲಿನ ಕೆಲಸವನ್ನು ಹಂಚಿದಂತೆ ಇಲ್ಲಿಯೂ ದಪ್ಪ ಪೆಟ್ಟು ಮತ್ತು ಸಣ್ಣ ಪೆಟ್ಟು ಬೇರೆ ಬೇರೆಯಾಗಿವೆ ಎಂದು ತೊಡೆಯ ಮೇಲೆ ಬಾರಿಸಿ ತೋರಿಸಿದರು. ಲಯವನ್ನು ಕಾಗದದ ಮೇಲೆ ಬರೆಯುವ ಮುನ್ನ ಹೀಗೆ ದೇಹದ ಮೇಲೆ ಬರೆದುಕೊಳ್ಳುವುದು ಒಳ್ಳೆಯದು.

ಹಾಡಿನ ಅಂಗಗಳು

ಎರಡನೆಯ ಸಲ ಕೇಳುವಾಗ ಪೆನ್ಸಿಲ್ಲು ಹಿಡಿದು, ಹಾಡಿನ ಭಾಗಗಳು ಬದಲಾಗುವ ಕ್ಷಣಗಳನ್ನು ನಿಮಿಷ-ಸೆಕೆಂಡುಗಳಲ್ಲಿ ಗುರುತು ಹಾಕಿಕೊಳ್ಳಿ. ಇಲ್ಲಿ ನಮ್ಮ ಪರಿಭಾಷೆ ಸ್ವಲ್ಪ ಎಡವಿಸುತ್ತದೆ. ಕನ್ನಡ ಚಿತ್ರಗೀತೆಯಲ್ಲಿ ಪಲ್ಲವಿ ಮೊದಲು ಬಂದು, ಪ್ರತಿ ಚರಣದ ನಂತರ ಮರಳುತ್ತದೆ. ಪಾಶ್ಚಾತ್ಯ ಪಾಪ್ ಹಾಡಿನಲ್ಲಿ ಸಾಮಾನ್ಯವಾಗಿ ಚರಣಕ್ಕೆ ಹೋಲುವ ಭಾಗ ಮೊದಲು ಬಂದು, ಅವರು ಕೋರಸ್ ಎನ್ನುವ ಭಾಗ ಅನಂತರ ಬರುತ್ತದೆ. ಕೇಳುಗ ಅದಕ್ಕಾಗಿ ಕಾಯಬೇಕು. ಆದ್ದರಿಂದ ಕೋರಸ್ಸನ್ನು ಪಲ್ಲವಿ ಎಂದು ಬರೆದರೆ ಅರ್ಧ ಸತ್ಯವಷ್ಟೇ ಆಗುತ್ತದೆ.

‘ಡ್ಯಾನ್ಸಿಂಗ್ ಕ್ವೀನ್’ ಈ ವಿಷಯದಲ್ಲಿ ವಿಶೇಷವಾದ ಹಾಡು. ಪಿಯಾನೋದ ಮನೆಗಳ ಮೇಲೆ ಬೆರಳನ್ನು ಸರಸರನೆ ಎಳೆದ ಒಂದು ಜಾರಿನಿಂದ ಅದು ಆರಂಭವಾಗುತ್ತದೆ. (ನಮ್ಮ ಜಾರು ಗಮಕದಲ್ಲಿ ಸ್ವರಗಳ ನಡುವಿನ ನಾದವೂ ಕೇಳುತ್ತದೆ, ಪಿಯಾನೋದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಸ್ವರಗಳು ಉದುರುತ್ತವೆ. ಟಿಪ್ಪಣಿಯಲ್ಲಿ ಈ ಭೇದವನ್ನು ಬರೆಯುವುದು ಅಗತ್ಯ.) ಅದರ ಬೆನ್ನಿಗೇ ಪದಗಳಿಲ್ಲದ ಆಲಾಪ, ಆಮೇಲೆ ನೇರವಾಗಿ ಕೋರಸ್ಸಿನ ಉತ್ತರಾರ್ಧ. ಪೂರ್ವಾರ್ಧವನ್ನು ಹಾಡದೆಯೇ ಉತ್ತರಾರ್ಧವನ್ನು ಮೊದಲು ಹಾಡಿಬಿಡುವ ಈ ಏರ್ಪಾಡಿನಿಂದ, ಪಲ್ಲವಿಯಿಂದಲೇ ಹಾಡು ಆರಂಭವಾಗಬೇಕೆಂದು ನಿರೀಕ್ಷಿಸುವ ನಮ್ಮ ಕಿವಿಗೆ ಅದು ತಟ್ಟನೆ ಆಪ್ತವಾಗುತ್ತದೆ. ಅದೇ ಸಮಯದಲ್ಲಿ ನಡೆಯುತ್ತಿರುವ ಕುಣಿತದ ನಡುವೆ ಬಾಗಿಲು ತೆರೆದು ಒಳಹೊಕ್ಕಂತೆ ಭಾಸವಾಗುತ್ತದೆ. ಮೊದಲ ಚರಣದಲ್ಲಿ ಎರಡು ಕಂತುಗಳಿವೆ, ಎರಡನೆಯದರಲ್ಲಿ ಒಂದೇ ಕಂತು. ಕೋರಸ್ಸಿಗಾಗಿ ಮೊದಲ ಸಲ ಕಾದಷ್ಟು ಹೊತ್ತು ಎರಡನೆಯ ಸಲ ಕಾಯಬೇಕಾಗಿಲ್ಲ. ಸಮಯದ ಗುರುತುಗಳನ್ನು ಹಾಕಿಕೊಳ್ಳದೆ ಬರೀ ಕಿವಿಯಲ್ಲಿ ಕೇಳಿದಾಗ ನಮ್ಮ ಕೂಟದಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ಮೂರು ನಿಮಿಷ ಐವತ್ತು ಸೆಕೆಂಡುಗಳ ಹೊತ್ತಿಗೆ ಹಾಡು ನಿಲ್ಲುವುದಿಲ್ಲ, ಧ್ವನಿ ತಗ್ಗುತ್ತ ತಗ್ಗುತ್ತ ಮರೆಯಾಗುತ್ತದೆ.

ಸ್ವರಗಳ ಕೂಟ

ಈಗ ಹಾಡಿನ ಹೃದಯಕ್ಕೆ ಬರೋಣ. ಕರ್ನಾಟಕ ಸಂಗೀತದಲ್ಲಿ ಪಳಗಿದವರು ಪಾಶ್ಚಾತ್ಯ ಹಾಡನ್ನು ಕೇಳುವಾಗ ಮುಖ್ಯ ಗಾನದ ಎಳೆಯೊಂದನ್ನೇ ಹಿಡಿದು ಹೋಗುತ್ತಾರೆ, ಅದರ ಕೆಳಗೆ ಒಟ್ಟಿಗೆ ನುಡಿಯುವ ಸ್ವರಗಳ ಕೂಟವನ್ನು, ಅಂದರೆ ಕಾರ್ಡುಗಳನ್ನು, ಹಿನ್ನೆಲೆಯೆಂದು ಬಿಟ್ಟುಬಿಡುತ್ತಾರೆ. ಆ ಹಾಡಿನ ಭಾವ ಬಹುಪಾಲು ಅಲ್ಲಿಯೇ ಅಡಗಿರುತ್ತದೆ.

ಆರಂಭದ ಆಲಾಪವನ್ನು ಗಮನಿಸಿ. ಅಲ್ಲಿ ‘ಎ’ ಮತ್ತು ‘ಡಿ’ ಎಂಬ ಎರಡು ಕಾರ್ಡುಗಳು ಒಂದಾದ ಮೇಲೊಂದು ಬರುತ್ತವೆ, ಆದರೆ ಕೆಳಗಿನ ‘ಎ’ ಸ್ವರ ಕದಲುವುದಿಲ್ಲ. ತಂಬೂರಿಯ ಷಡ್ಜದಂತೆ ಅದು ನೆಲ ಹಿಡಿದು ನಿಂತಿರುತ್ತದೆ, ಮೇಲಿನದು ಮಾತ್ರ ಬದಲಾಗುತ್ತದೆ. ಈ ನೆಲೆ ಕಿವಿಯಲ್ಲಿ ಗಟ್ಟಿಯಾದ ಮೇಲೆ ಕೋರಸ್ಸಿನ ಉತ್ತರಾರ್ಧ ಪಂಚಮದ ಕಾರ್ಡಿನಿಂದ ಹೊರಡುತ್ತದೆ. ಅಲ್ಲಿಂದ ಮುಂದೆ ಕಾರ್ಡುಗಳ ಆಧಾರಸ್ವರಗಳನ್ನು ನಮ್ಮ ಹೆಸರುಗಳಲ್ಲಿ ಬರೆದರೆ ಪ, ಗ, ದ, ರಿ, ಮ, ರಿ, ಸ ಎಂದಾಗುತ್ತದೆ. ಇದನ್ನು ಹಾರ್ಮೋನಿಯಂನಲ್ಲಿ ಎಡಗೈಯಿಂದ ನಿಧಾನವಾಗಿ ನುಡಿಸಿ ನೋಡಿ. ಷಡ್ಜಕ್ಕೆ ಮರಳುವ ದಾರಿ ಎಷ್ಟು ಬಳಸಿ ಬರುತ್ತದೆಂಬುದು ಬೆರಳಿಗೇ ತಿಳಿಯುತ್ತದೆ.

ಈ ಸಾಲಿನಲ್ಲಿ ಗಾಂಧಾರದ ಮೇಲೆ ನಿಲ್ಲುವ ಎರಡನೆಯ ಕಾರ್ಡು, ಪಾಶ್ಚಾತ್ಯರ ಹೆಸರಿನಲ್ಲಿ ‘ಸಿ ಶಾರ್ಪ್ ಸೆವೆನ್’, ಶಂಕರಾಭರಣದಲ್ಲಿಲ್ಲದ ಒಂದು ಸ್ವರವನ್ನು ಒಳಕ್ಕೆ ತರುತ್ತದೆ. ಆ ಸ್ವರ ನಮ್ಮ ಶುದ್ಧ ಧೈವತದ ಸ್ಥಾನದ್ದು. ಅದು ಮುಂದಿನ ಕಾರ್ಡಿನ ಚತುಶ್ರುತಿ ಧೈವತದ ಕಡೆಗೆ ನಮ್ಮನ್ನು ತಳ್ಳುತ್ತದೆ. ಆ ಮೂರನೆಯ ಕಾರ್ಡು ಮೈನರ್ ಜಾತಿಯದು, ಅದರಲ್ಲಿ ಒಂದು ಬಗೆಯ ಮಬ್ಬು ಇದೆ. ನಾಲ್ಕನೆಯದಾದ ‘ಬಿ ಸೆವೆನ್’ ಮತ್ತೊಂದು ಹೊರಗಿನ ಸ್ವರವನ್ನು, ಪ್ರತಿಮಧ್ಯಮವನ್ನು, ತರುತ್ತದೆ. ಅದರ ಬೆನ್ನಿಗೇ ಶುದ್ಧ ಮಧ್ಯಮದ ಕಾರ್ಡು ಬಂದಾಗ ಹೊರಕ್ಕೆ ಹೋಗಿದ್ದ ಹಾಡು ಮನೆಯ ಅಂಗಳಕ್ಕೆ ಕಾಲಿಟ್ಟಂತಾಗುತ್ತದೆ. ಕುಣಿತದ ಹಾಡಾಗಿದ್ದರೂ ಇದರಲ್ಲಿ ಏನೋ ಒಂದು ಕೊರಗು ಇದೆಯೆಂದು ಕೇಳುಗರು ಹೇಳುವುದುಂಟು. ಕೊರಗು ಇದೆಯೆಂದು ಬರೆದರೆ ಟಿಪ್ಪಣಿಯಾಗುವುದಿಲ್ಲ. ಅದು ಈ ಎರಡು ಅನ್ಯಸ್ವರಗಳಿಂದಲೂ ಅವುಗಳ ನಡುವಿನ ಮೈನರ್ ಕಾರ್ಡಿನಿಂದಲೂ ಹುಟ್ಟುತ್ತದೆ ಎಂದು ಬರೆದಾಗ ಓದಿದವರು ತಾವೇ ಪರೀಕ್ಷಿಸಿ ನೋಡಬಹುದು.

ಕಂಠಗಳು ಮತ್ತು ಧ್ವನಿಯ ಸಾಂದ್ರತೆ

ಈ ಹಾಡನ್ನು ಹಾಡಿದವರು ಆಗ್ನೇತಾ ಫೆಲ್ಟ್‌ಸ್ಕೋಗ್ ಮತ್ತು ಆನಿ-ಫ್ರಿಡ್ ಲಿಂಗ್‌ಸ್ಟಾಡ್. ಒಬ್ಬರದು ಹೊಳಪಿನ ಎತ್ತರದ ಕಂಠ, ಇನ್ನೊಬ್ಬರದು ತುಸು ತಗ್ಗಿನ, ತುಂಬಿದ ಕಂಠ. ನಮ್ಮ ಯುಗಳಗೀತೆಗಳಂತೆ ಒಬ್ಬರ ಸಾಲಿಗೆ ಇನ್ನೊಬ್ಬರು ಉತ್ತರಿಸದೆ ಇಬ್ಬರೂ ಬಹುಮಟ್ಟಿಗೆ ಒಂದೇ ಗಾನವನ್ನು ಒಟ್ಟಿಗೆ ಹಾಡುತ್ತಾರೆ. ಆದ್ದರಿಂದ ಕಂಠಗಳನ್ನು ಬೇರ್ಪಡಿಸಿ ಕೇಳುವುದು ಕಷ್ಟ. ಹೆಡ್‌ಫೋನಿನ ಒಂದು ಕಿವಿಯನ್ನು ಮಾತ್ರ ಹಾಕಿಕೊಂಡು ಒಮ್ಮೆ, ಇನ್ನೊಂದು ಕಿವಿಯನ್ನು ಹಾಕಿಕೊಂಡು ಮತ್ತೊಮ್ಮೆ ಕೇಳಿ, ಸಾಲಿನ ಕೊನೆಯ ಅಕ್ಷರಗಳಲ್ಲಿ ಸ್ವಲ್ಪ ಹಿಂದುಮುಂದಾಗುವ ಉಚ್ಚಾರಣೆಯನ್ನು ಗಮನಿಸುವುದು ನಾವು ಅನುಸರಿಸುವ ಉಪಾಯ.

ಎರಡೇ ಕಂಠಗಳಿಂದ ಇಷ್ಟು ದಟ್ಟವಾದ ನಾದ ಹೇಗೆ ಬಂತು ಎಂಬ ಪ್ರಶ್ನೆಗೆ ಉತ್ತರ ಗಾಯಕಿಯರಲ್ಲಿ ಮಾತ್ರ ಸಿಗುವುದಿಲ್ಲ. ಧ್ವನಿಮುದ್ರಣದ ಎಂಜಿನಿಯರ್ ಮೈಕೆಲ್ ಬಿ. ಟ್ರೆಟೋವ್ ಅಬ್ಬಾ ತಂಡದ ಮುದ್ರಣಗಳಲ್ಲಿ ಒಂದು ವಿಧಾನವನ್ನು ಬಳಸುತ್ತಿದ್ದರು. ಒಂದೇ ಭಾಗವನ್ನು ಮತ್ತೊಮ್ಮೆ ನುಡಿಸಿ ಅಥವಾ ಹಾಡಿಸಿ ಮುದ್ರಿಸುವಾಗ ಟೇಪಿನ ವೇಗವನ್ನು ಕೂದಲೆಳೆಯಷ್ಟು ಬದಲಿಸುತ್ತಿದ್ದರು. ಮರಳಿ ಕೇಳುವಾಗ ಎರಡು ಪದರಗಳ ಶ್ರುತಿ ಪೂರ್ತಿ ಒಂದಾಗದೆ, ಅಪಶ್ರುತಿಯೂ ಆಗದೆ, ನಡುವೆ ಒಂದು ಮಿನುಗು ಹುಟ್ಟುತ್ತದೆ. ಭಜನೆಯಲ್ಲಿ ಇಪ್ಪತ್ತು ಮಂದಿ ಒಟ್ಟಾಗಿ ಹಾಡಿದಾಗ ಯಾರೊಬ್ಬರ ದನಿಯೂ ಪ್ರತ್ಯೇಕವಾಗಿ ಕೇಳದೆ ಒಂದು ದೊಡ್ಡ ದನಿ ಏಳುತ್ತದಲ್ಲ, ಅದಕ್ಕೂ ಇದೇ ಕಾರಣ. ಅಲ್ಲಿ ತಾನಾಗಿ ಆಗುವುದನ್ನು ಇಲ್ಲಿ ಯಂತ್ರದಿಂದ ಮಾಡಿಸಿದ್ದಾರೆ. ನನ್ನ ಮಟ್ಟಿಗೆ ಟ್ರೆಟೋವ್ ಅವರ ಹೆಸರಿಲ್ಲದ ಟಿಪ್ಪಣಿ ಗಾಯಕಿಯರ ಹೆಸರಿಲ್ಲದ ಟಿಪ್ಪಣಿಯಷ್ಟೇ ಅಪೂರ್ಣ.

ಬೇಸ್ ಗಿಟಾರ್ ರುಟ್ಗರ್ ಗುನ್ನಾರ್ಸನ್ ಅವರದು, ಡ್ರಮ್ಸ್ ರೋಜರ್ ಪಾಮ್ ಅವರದು, ಪಿಯಾನೋ ಬೆನ್ನಿ ಆಂಡರ್ಸನ್ ಅವರದು. ಲಯದ ನಡೆಗೆ ಜಾರ್ಜ್ ಮೆಕ್‌ಕ್ರೇ ಹಾಡಿದ 1974ರ ‘ರಾಕ್ ಯುವರ್ ಬೇಬಿ’ ಪ್ರೇರಣೆಯಾಗಿತ್ತು. ಎರಡನ್ನೂ ಒಂದರ ಬೆನ್ನಿಗೊಂದು ಕೇಳಿದರೆ ಆ ಹಾಡಿನಲ್ಲಿ ತಾಳಯಂತ್ರ ಹೊರಡಿಸುವ ನಿಯತವಾದ ನಡೆಗೂ ಈ ಹಾಡಿನಲ್ಲಿ ಮನುಷ್ಯನ ಕೈಯಿಂದ ಬಂದ ನಡೆಗೂ ಇರುವ ಬೇರೆತನ ತಿಳಿಯುತ್ತದೆ.

ಲೇಬಲ್ಲನ್ನು ಓದುವುದು

ಇನ್ನು ಹೆಸರುಗಳ ವಿಷಯ. ರೆಕಾರ್ಡಿನ ನಡುವಣ ಲೇಬಲ್ಲಿನಲ್ಲಿ ಹಾಡಿನ ಹೆಸರಿನ ಕೆಳಗೆ, ಸಾಮಾನ್ಯವಾಗಿ ಕಂಸದೊಳಗೆ ಸಣ್ಣ ಅಕ್ಷರಗಳಲ್ಲಿ, ಮುದ್ರಿತವಾಗಿರುವ ಹೆಸರುಗಳು ಹಾಡಿದವರವಲ್ಲ, ಹಾಡನ್ನು ರಚಿಸಿದವರವು. ಈ ಹಾಡಿಗೆ ಅಂಥ ಹೆಸರುಗಳು ಮೂರು: ಬೆನ್ನಿ ಆಂಡರ್ಸನ್, ಬ್ಯೋರ್ನ್ ಉಲ್ವೇಯಸ್, ಸ್ಟಿಗ್ ಆಂಡರ್ಸನ್. ಮೊದಲ ಇಬ್ಬರು ತಂಡದ ಸದಸ್ಯರು. ಮೂರನೆಯವರು ತಂಡದ ವ್ಯವಸ್ಥಾಪಕರೂ ಪೋಲಾರ್ ರೆಕಾರ್ಡ್ ಕಂಪನಿಯ ಒಡೆಯರೂ ಆಗಿದ್ದು, ಸಾಹಿತ್ಯರಚನೆಯಲ್ಲಿ ಪಾಲು ಹೊಂದಿದ್ದವರು.

ಇಲ್ಲಿ ನಾನು ಮಾಡಿದ ತಪ್ಪೊಂದನ್ನು ಹೇಳಬೇಕು. ಲೇಬಲ್ಲಿನಲ್ಲಿ ಬರೀ ಮನೆತನದ ಹೆಸರುಗಳಿದ್ದದ್ದನ್ನು ನೋಡಿ, ಕನ್ನಡದಲ್ಲಿ ಬರೆದುಕೊಳ್ಳುವಾಗ ‘ಆಂಡರ್ಸನ್, ಆಂಡರ್ಸನ್’ ಎಂದು ಎರಡು ಸಲ ಬಂದದ್ದು ಅಚ್ಚಿನ ದೋಷವಿರಬಹುದೆಂದು ಒಂದನ್ನು ಹೊಡೆದುಹಾಕಿದೆ. ಬೆನ್ನಿ ಅವರ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ಎರಡು ‘ಎಸ್’ ಇವೆ, ಸ್ಟಿಗ್ ಅವರದರಲ್ಲಿ ಒಂದೇ ಇದೆ. ಕನ್ನಡ ಲಿಪಿಯಲ್ಲಿ ಇಬ್ಬರೂ ಒಂದೇ ಆಗಿಬಿಡುತ್ತಾರೆ. ನಮ್ಮ ಕೆಜಿಎಫ್‌ನ ಆಂಡರ್ಸನ್‌ಪೇಟೆಯ ಹೆಸರೂ ಅದೇ ಅಕ್ಷರಗಳಲ್ಲಿ ಮೂಡುತ್ತದೆ. ನನ್ನ ಆ ಟಿಪ್ಪಣಿಯನ್ನು ಇನ್ನೊಬ್ಬರು ಪ್ರತಿ ಮಾಡಿಕೊಂಡು ಹೋದರು, ಒಬ್ಬ ಸಾಹಿತಿಯ ಹೆಸರು ಹೀಗೆ ನನ್ನ ಕೈಯಿಂದ ಅಳಿದುಹೋಯಿತು. ಅಂದಿನಿಂದ ಪರದೇಶದ ಹೆಸರುಗಳನ್ನು ಬರೆಯುವಾಗ ಲೇಬಲ್ಲಿನ ಕಾಗುಣಿತವನ್ನು ಒಂದೊಂದು ಅಕ್ಷರವಾಗಿ ಇದ್ದ ಹಾಗೆಯೇ ಮೊದಲು ನಕಲು ಮಾಡಿ, ಆಮೇಲೆ ಅದರ ಪಕ್ಕದಲ್ಲಿ ಕನ್ನಡ ಉಚ್ಚಾರಣೆಯನ್ನು ಬರೆಯುತ್ತೇನೆ; ಮನೆತನದ ಹೆಸರಿನೊಂದಿಗೆ ಸ್ವಂತ ಹೆಸರನ್ನೂ ತಪ್ಪದೆ ಸೇರಿಸುತ್ತೇನೆ.

ಮುಂದಿನ ತೊಡಕು ಪಾತ್ರಗಳ ಅನುವಾದದ್ದು. ಈ ಹಾಡಿನ ಪ್ರೊಡ್ಯೂಸರ್‌ಗಳು ಬೆನ್ನಿ ಆಂಡರ್ಸನ್ ಮತ್ತು ಬ್ಯೋರ್ನ್ ಉಲ್ವೇಯಸ್. ಇದನ್ನು ‘ನಿರ್ಮಾಪಕರು’ ಎಂದು ಕನ್ನಡಕ್ಕೆ ತಂದರೆ ಓದುವವರು ಹಣ ಹೂಡಿದವರೆಂದು ತಿಳಿಯುತ್ತಾರೆ, ಏಕೆಂದರೆ ಚಿತ್ರರಂಗದಿಂದ ನಮಗೆ ಬಂದಿರುವ ಅರ್ಥ ಅದೇ. ರೆಕಾರ್ಡಿನ ಪ್ರೊಡ್ಯೂಸರ್ ಮಾಡುವ ಕೆಲಸ ಬೇರೆ: ಯಾವ ವಾದ್ಯ ಎಲ್ಲಿ ಬರಬೇಕು, ಯಾವ ಮುದ್ರಣ ಉಳಿಯಬೇಕು, ಕೊನೆಗೆ ಹಾಡು ಹೇಗೆ ಕೇಳಿಸಬೇಕು ಎಂಬುದನ್ನು ಸ್ಟುಡಿಯೋದಲ್ಲಿ ಕುಳಿತು ನಿರ್ಧರಿಸುವುದು. ನಮ್ಮಲ್ಲಿ ಆ ಕೆಲಸದ ದೊಡ್ಡ ಪಾಲು ಸಂಗೀತ ನಿರ್ದೇಶಕರ ಹೆಗಲ ಮೇಲಿರುತ್ತದೆ. ಹಾಗಾಗಿ ‘ಪ್ರೊಡ್ಯೂಸರ್’ ಎಂಬ ಪದವನ್ನೇ ಉಳಿಸಿಕೊಂಡು, ಒಂದು ಸಾಲಿನಲ್ಲಿ ಕೆಲಸದ ಸ್ವರೂಪವನ್ನು ವಿವರಿಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಲೇಬಲ್ಲಿನಲ್ಲಿ ಪ್ರಕಾಶಕರೆಂದು ಕಾಣುವ ಹೆಸರು ಹಾಡಿನ ಹಕ್ಕನ್ನು ನೋಡಿಕೊಳ್ಳುವ ಸಂಸ್ಥೆಯದು. ರೆಕಾರ್ಡ್ ಕಂಪನಿಯೊಂದಿಗೆ ಅದನ್ನು ಬೆರೆಸಬಾರದು.

ಇಸವಿಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ವೃತ್ತದೊಳಗೆ ‘ಪಿ’ ಅಕ್ಷರವಿರುವ ಗುರುತಿನ ಮುಂದಿನ ಇಸವಿ ಆ ಧ್ವನಿಮುದ್ರಣ ಮೊದಲು ಪ್ರಕಟವಾದ ವರ್ಷವನ್ನು ಸೂಚಿಸುತ್ತದೆ, ಮುದ್ರಿಸಿದ ವರ್ಷವನ್ನಲ್ಲ. ವೃತ್ತದೊಳಗಿನ ‘ಸಿ’ ಕವರಿನ ಚಿತ್ರ ಮತ್ತು ಬರಹಕ್ಕೆ ಸಂಬಂಧಿಸಿದ್ದು. ‘ಡ್ಯಾನ್ಸಿಂಗ್ ಕ್ವೀನ್’ ಹಾಡಿನ ವಾದ್ಯಭಾಗದ ಮುದ್ರಣ ‘ಬೂಗಲೂ’ ಎಂಬ ತಾತ್ಕಾಲಿಕ ಹೆಸರಿನಲ್ಲಿ ಆಗಸ್ಟ್ 1975ರಲ್ಲಿ ಆರಂಭವಾಯಿತು. 18 ಜೂನ್ 1976ರಂದು, ಸ್ವೀಡನ್ನಿನ ದೊರೆ ಹದಿನಾರನೆಯ ಕಾರ್ಲ್ ಗುಸ್ತಾಫ್ ಅವರ ವಿವಾಹದ ಮುನ್ನಾದಿನ, ಸ್ಟಾಕ್‌ಹೋಮಿನ ಸಮಾರಂಭದಲ್ಲಿ ತಂಡ ಅದನ್ನು ಹಾಡಿತು. ರೆಕಾರ್ಡು ಬಿಡುಗಡೆಯಾದದ್ದು ಆಗಸ್ಟ್ 1976ರಲ್ಲಿ. ‘ಅರೈವಲ್’ ಎಂಬ ಎಲ್‌ಪಿಯಲ್ಲಿ ಅದು ಸೇರಿದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ್ದು ಏಪ್ರಿಲ್ 1977ರಲ್ಲಿ. ‘ಈ ಹಾಡು ಯಾವ ವರ್ಷದ್ದು’ ಎಂಬ ಪ್ರಶ್ನೆಗೆ ಮೂರು ಇಸವಿಗಳೂ ಉತ್ತರವಾಗಬಲ್ಲವು; ಯಾವುದು ಮುದ್ರಣದ್ದು, ಯಾವುದು ಬಿಡುಗಡೆಯದ್ದು, ಯಾವುದು ಜನಪ್ರಿಯತೆಯದ್ದು ಎಂಬುದನ್ನು ಪಕ್ಕದಲ್ಲೇ ಬರೆಯದಿದ್ದರೆ ಇಸವಿಯಿಂದ ಪ್ರಯೋಜನವಿಲ್ಲ.

ನಮ್ಮ ಹಾಡಿಗೂ ಇದೇ ಒರೆಗಲ್ಲು

ಈ ಕ್ರಮವನ್ನು ಅಭ್ಯಾಸ ಮಾಡಲು ಅದೇ ಕಾಲದ ಕನ್ನಡ ಚಿತ್ರಗೀತೆಯೊಂದನ್ನು ಜೊತೆಗಿಟ್ಟುಕೊಳ್ಳುವುದು ಲೇಸು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ, ರಾಜ್‌ಕುಮಾರ್ ಅವರು ಹಾಡಿದ ‘ಯಾರೇ ಕೂಗಾಡಲಿ’ ಎಲ್ಲರಿಗೂ ಗೊತ್ತಿರುವ ಹಾಡು. ಸಾಹಿತ್ಯ ಚಿ. ಉದಯಶಂಕರ್, ಸಂಗೀತ ಜಿ. ಕೆ. ವೆಂಕಟೇಶ್. ನಮ್ಮ ಪದ್ಧತಿಯಲ್ಲಿ ಸಾಹಿತ್ಯ, ಸಂಗೀತ, ಗಾಯನ ಎಂದು ಪಾತ್ರಗಳನ್ನು ಬೇರೆ ಬೇರೆಯಾಗಿ ಹೇಳುತ್ತೇವೆ. ಇದು ಸ್ವೀಡನ್ನಿನ ಲೇಬಲ್ಲಿಗಿಂತ ಸ್ಪಷ್ಟ, ಏಕೆಂದರೆ ಅಲ್ಲಿ ಮೂವರು ರಚನಕಾರರ ಹೆಸರು ಒಟ್ಟಿಗೆ ಬರುತ್ತದೆಯೇ ಹೊರತು ಪದ ಯಾರದು, ಗಾನ ಯಾರದು ಎಂದು ಬಿಡಿಸಿ ಹೇಳಿರುವುದಿಲ್ಲ. ಆದರೆ ಈ ಮೂರು ಹೆಸರುಗಳಾಚೆಗೆ ನಮ್ಮಲ್ಲಿ ಕತ್ತಲು. ತಬಲಾ ನುಡಿಸಿದವರು, ಕೊಳಲು ಊದಿದವರು, ಧ್ವನಿಮುದ್ರಿಸಿದವರು ಯಾರೆಂದು ಏಳು ಇಂಚಿನ ಚಿತ್ರಗೀತೆಯ ರೆಕಾರ್ಡುಗಳು ಹೇಳುವುದು ಬಹಳ ಅಪರೂಪ. ಇಳಯರಾಜಾ ಅವರು ಸ್ವತಂತ್ರ ಸಂಗೀತ ನಿರ್ದೇಶಕರಾಗುವ ಮುನ್ನ ಜಿ. ಕೆ. ವೆಂಕಟೇಶ್ ಅವರ ಸಹಾಯಕರಾಗಿದ್ದರು ಎಂಬುದು ಪ್ರಸಿದ್ಧ ಸಂಗತಿ. ಆದರೂ ಆ ಕಾರಣಕ್ಕೆ ಆ ಕಾಲದ ಒಂದು ನಿರ್ದಿಷ್ಟ ಹಾಡಿನ ಟಿಪ್ಪಣಿಯಲ್ಲಿ ಅವರ ಹೆಸರನ್ನು ಸೇರಿಸುವ ಅಧಿಕಾರ ನಮಗೆ ಬರುವುದಿಲ್ಲ. ಹಾಗೆಯೇ ರಾಜನ್-ನಾಗೇಂದ್ರ ಎಂಬುದು ಒಂದೇ ಹೆಸರಿನಂತೆ ಕಂಡರೂ ಇಬ್ಬರು ಅಣ್ಣತಮ್ಮಂದಿರು; ಅವರಲ್ಲಿ ಯಾರು ಯಾವ ಭಾಗವನ್ನು ಮಾಡಿದರೆಂದು ನಾವು ಹಂಚಲು ಹೋಗಬಾರದು.

ಟಿಪ್ಪಣಿಯನ್ನು ಕಟ್ಟುವುದು

ಕೊನೆಗೆ ಇವೆಲ್ಲವನ್ನೂ ಒಂದು ಹಾಳೆಯಲ್ಲಿ ಸೇರಿಸಬೇಕು. ನಾವು ಪ್ರತಿ ಹೆಸರಿನ ಪಕ್ಕದಲ್ಲಿ ಅದು ಎಲ್ಲಿಂದ ಸಿಕ್ಕಿತೆಂಬುದಕ್ಕೆ ಒಂದು ಅಕ್ಷರವನ್ನು ಬರೆಯುತ್ತೇವೆ: ಕೈಯಲ್ಲಿರುವ ರೆಕಾರ್ಡಿನ ಲೇಬಲ್ಲಿನಿಂದಾದರೆ ‘ಲೇ’, ಎಲ್‌ಪಿಯ ಕವರಿನಿಂದಾದರೆ ‘ಕ’, ಹಾಡಿನಲ್ಲಿ ಭಾಗಿಯಾದವರು ನಂತರ ಹೇಳಿದ ಮಾತಿನಿಂದಾದರೆ ‘ಮಾ’. ಮೂರನೆಯ ಬಗೆಯ ಮಾಹಿತಿ ರುಚಿಕರವಾಗಿರುತ್ತದೆ, ಆದರೆ ವರ್ಷಗಳ ನಂತರದ ನೆನಪಾದ್ದರಿಂದ ಮೊದಲ ಎರಡರ ಸಮಕ್ಕೆ ಅದನ್ನು ಇಡಲಾಗದು. ಹಾಡಿನ ಪದಗಳನ್ನು ಪೂರ್ತಿಯಾಗಿ ನಕಲು ಮಾಡಿ ಹಂಚಬೇಡಿ; ರಚನಕಾರರ ಹಕ್ಕು ಅವುಗಳ ಮೇಲೆ ಇನ್ನೂ ಇದೆ, ಸಂಗೀತದ ಟಿಪ್ಪಣಿಗೆ ಅವುಗಳ ಅಗತ್ಯವೂ ಇಲ್ಲ.

ನಮ್ಮ ಹಾಳೆಯಲ್ಲಿ ಈ ಹಾಡಿನ ಆರಂಭದ ಬಗ್ಗೆ ಬರೆದಿರುವುದನ್ನು ಮಾದರಿಗಾಗಿ ಇಲ್ಲಿ ಕೊಡುತ್ತೇನೆ: ‘ಆರು ಮನೆ ಶ್ರುತಿ, ನಿಮಿಷಕ್ಕೆ ಸುಮಾರು 100ರ ಚತುರಶ್ರ ನಡೆ. ಪಿಯಾನೋ ಜಾರು, ಬೆನ್ನಿ ಆಂಡರ್ಸನ್. ಪದರಹಿತ ಆಲಾಪ, ಕೆಳಗೆ ಷಡ್ಜ ಸ್ಥಿರ. ಕಂಠ ಆಗ್ನೇತಾ ಮತ್ತು ಆನಿ-ಫ್ರಿಡ್. ಕಂಠಗಳ ಸಾಂದ್ರತೆ ಎಂಜಿನಿಯರ್ ಟ್ರೆಟೋವ್ ಅವರ ಪದರವಿಧಾನದ್ದು. ಕೋರಸ್ಸಿನ ಉತ್ತರಾರ್ಧ ಪಂಚಮದ ಕಾರ್ಡಿನಿಂದ ಆರಂಭ. ಎರಡನೆಯ ಕಾರ್ಡಿನಲ್ಲಿ ಶುದ್ಧ ಧೈವತ, ನಾಲ್ಕನೆಯದರಲ್ಲಿ ಪ್ರತಿಮಧ್ಯಮ. ಆಲಾಪದ ಮೇಲೆ ಎತ್ತರದಲ್ಲಿ ನುಡಿಯುವ ತಂತಿವಾದ್ಯಗಳಂಥ ನಾದ:’ ಆ ಕೊನೆಯ ಸಾಲಿನ ಮುಂದೆ ಎರಡು ಬೆರಳಗಲದ ಜಾಗವನ್ನು ಖಾಲಿ ಬಿಟ್ಟಿದ್ದೇವೆ.

ಹಾಳೆಯ ಕೆಳಗೆ ಕೇಳಿದ ದಿನಾಂಕ, ಯಂತ್ರದ ವೇಗ ಪರೀಕ್ಷಿಸಿದ ವಿವರ, ಲೇಬಲ್ಲಿನ ಸಂಖ್ಯೆ ಮತ್ತು ರೆಕಾರ್ಡಿನಲ್ಲಿ ಹಾಡು ಮುಗಿದ ನಂತರದ ನುಣುಪಾದ ಪಟ್ಟಿಯ ಮೇಲೆ ಕೆತ್ತಿರುವ ಗುರುತುಗಳನ್ನು ನಕಲು ಮಾಡಿ. ಆ ಗುರುತುಗಳು ಓರೆಯಾಗಿ ಬೆಳಕು ಬಿದ್ದಾಗ ಮಾತ್ರ ಕಾಣುವುದರಿಂದ ಬೆಳಗಿನ ಹೊತ್ತು ಕಿಟಕಿಯ ಬಳಿ ಹಿಡಿದು ಓದುವುದು ಸುಲಭ. ಇಂಕು ಕಾಲಕ್ರಮೇಣ ಹರಡಿ ಕವರಿಗೆ ಅಂಟುತ್ತದೆ. ಪೆನ್ಸಿಲ್ಲಿನಲ್ಲೇ ಬರೆಯಿರಿ, ಹಾಳೆಯನ್ನು ಎರಡಾಗಿ ಮಡಿಸಿ, ರೆಕಾರ್ಡಿಗೆ ತಾಗದಂತೆ ಒಳಚೀಲದ ಹೊರಗೆ, ಕವರಿನ ಒಳಗೆ ಇಡಿ.